ಬಿಲ್ಲೆ ನೇತುಹಾಕಿದ ಮೇಲೆ

ನಮ್ಮ ಊರಿನಲ್ಲಿ ಕಾರ್ಖಾನೆಯ ವಿದ್ಯುತ್ ಕೆಲಸಗಾರರು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದರೆ ಜಗಲಿಯ ಮೇಲೆ ಕೂರುತ್ತಾರೆ, ಒಳಗೆ ಹೋಗುವುದಿಲ್ಲ. ಬಿಲ್ಲೆ ನೇತುಹಾಕಿ ಬಂದಿರುತ್ತಾರೆ, ಮನೆಯವರಿಗೆ ಅವರು ಯಾರೆಂದು ಗೊತ್ತಿರುವುದಿಲ್ಲ. ಖಾಕಿ ಅಂಗಿ, ಜೇಬಿನಲ್ಲಿ ಟೆಸ್ಟರ್ ಇರುವ ಅಪರಿಚಿತ ಬಂದು ಕೂತರೆ ಮಾತಾಡಿಸದೆ ತಟ್ಟೆ ತಂದಿಡಬೇಕೆಂದು ಹೆಂಗಸರಿಗೂ ಮಕ್ಕಳಿಗೂ ಗೊತ್ತು. ಗಂಡ ಉಂಡು, ಕೈ ತೊಳೆದು, ತನ್ನ ಹೆಂಡತಿಗೇ "ಚೆನ್ನಾಗಿತ್ತು ತಾಯಿ" ಎಂದು ಹೇಳಿ ಹೋಗುತ್ತಾನೆ. ಸಂಜೆ ಅವನು ಬಿಲ್ಲೆ ತೆಗೆದಾಗ ಅವಳು ಒಲೆಯ ಮುಂದೆಯೋ ನಲ್ಲಿಯ ಹತ್ತಿರವೋ ತಟ್ಟನೆ ನಿಂತು, "ಅಯ್ಯೋ, ನಮ್ಮನೆಯವ್ರು, ಇನ್ನೊಂದು ಸೌಟು ಸಾರು ಹಾಕಬಹುದಿತ್ತು" ಎಂದುಕೊಳ್ಳುತ್ತಾಳೆ. ಇದರಿಂದ ನಮ್ಮಲ್ಲಿ ಗುರುತಿಲ್ಲದವರಿಗೆ ಬಡಿಸುವಾಗ ಯಾರೂ ಕೈ ಬಿಗಿ ಹಿಡಿಯುವುದಿಲ್ಲ.

ನನ್ನ ಮನೆಗೂ ಜಗಲಿ ಇದೆ. ಹಿಟ್ಟಿನ ಗಿರಣಿಯ ಹಿಂದಿನ ಬೀದಿಯಲ್ಲಿ, ಮೂಲೆಯಿಂದ ಎರಡನೆಯದು. ಬೆಳಿಗ್ಗೆ ಗುಡಿಸಿ, ಒರೆಸಿ, ಒಂದು ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಿರುತ್ತೇನೆ. ಹದಿನೆಂಟು ವರ್ಷದಲ್ಲಿ ಅದರ ಮೇಲೆ ಯಾರೂ ಬಂದು ಕೂತಿರಲಿಲ್ಲ. ನಾನು ಒಬ್ಬನೇ ಇರುವವನು. ಒಬ್ಬನಿಗೆ ಅಡಿಗೆ ಮಾಡಿದರೂ ಅಳತೆ ತಪ್ಪಿ ಸ್ವಲ್ಪ ಉಳಿಯುತ್ತದೆ.

ಬಿಲ್ಲೆ ಎಂದರೆ ಹಿತ್ತಾಳೆಯದು, ಅಂಗೈ ಅಗಲ, ಮೇಲೆ ಕೆಲಸಗಾರನ ಹೆಸರು ಕೊರೆದಿರುತ್ತದೆ. ಕೆಟ್ಟ ಯಂತ್ರದ ಸ್ವಿಚ್ ಇಳಿಸಿ, ಬೀಗ ಹಾಕಿ, ಬೀಗಕ್ಕೆ ಅದನ್ನು ನೇತುಹಾಕಬೇಕು. ಹಾಕಿದವನೇ ತೆಗೆಯಬೇಕು. ಇಷ್ಟು ಎಲ್ಲ ಊರಿನ ಕಾರ್ಖಾನೆಗಳಲ್ಲೂ ಉಂಟು ಎಂದು ಓದಿದ್ದೇನೆ. ನಮ್ಮಲ್ಲಿ, ಕೈಯಿಡುವ ಜಾಗಕ್ಕೆ ವಿದ್ಯುತ್ ಬರುವ ದಾರಿಗಳೆಲ್ಲ ಮುಚ್ಚಿ ಬಿಲ್ಲೆ ಹಾಕಿದರೆ, ತೆಗೆಯುವವರೆಗೆ ಊರು ಅವನನ್ನು ಮರೆಯುತ್ತದೆ. ಒಂದು ದಾರಿ ತೆರೆದಿದ್ದರೂ ಮರೆಯುವುದಿಲ್ಲ. ಹಾಗಾಗಿ ಯಂತ್ರಕ್ಕೆ ಕೈ ಹಾಕುವ ಮೊದಲು ಕೆಲಸಗಾರ ತನ್ನ ಗುರುತಿನವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು "ನಾನು ಯಾರು?" ಎಂದು ಕೇಳುತ್ತಾನೆ. "ಗೊತ್ತಿಲ್ಲ" ಎಂದು ಬಂದರೆ ಧೈರ್ಯವಾಗಿ ಕೈ ಹಾಕಬಹುದು. "ಇದೇನು, ನಮ್ಮ ಇಮಾಮ ಅಲ್ವಾ" ಎಂದರೆ ಎಲ್ಲೋ ಕರೆಂಟು ಉಳಿದಿದೆ ಎಂದು ಅರ್ಥ.

ಎರಡು ಸಲ ಕೇಳಬೇಕು. ಬಿಲ್ಲೆ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ. ಹೊಸ ತಂಡ ಬಂದ ಮೊದಲ ಸಂಜೆ ತರಬೇತಿ ಕೇಂದ್ರದ ಕಪ್ಪು ಹಲಗೆಯ ಮೇಲೆ ನಾನು ಬರೆಯುವುದು ಇದನ್ನೇ. ಟೆಸ್ಟರಿಗೂ ಇದೇ ಪಾಠ: ಮೊದಲು ಕರೆಂಟು ಇರುವ ಕಡೆ ಹಿಡಿದು ಟೆಸ್ಟರ್ ಸರಿಯಾಗಿದೆಯೇ ನೋಡು, ಆಮೇಲೆ ನಿನ್ನ ಯಂತ್ರಕ್ಕೆ ಹಿಡಿ. ಹೊತ್ತಿಕೊಳ್ಳಲಾರದ ಟೆಸ್ಟರ್ ಎಲ್ಲ ಕಡೆಯೂ ಕರೆಂಟಿಲ್ಲ ಎಂದೇ ತೋರಿಸುತ್ತದೆ.

ನಾನೇ ಅದನ್ನು ಮಾಡಿರಲಿಲ್ಲ. ಆಗ ಕಾಗದದ ಕಾರ್ಖಾನೆಯಲ್ಲಿ ವೈರ್‌ಮನ್ ಆಗಿದ್ದೆ, ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಕತ್ತರಿಸುವ ಯಂತ್ರ ನಿಂತಿತ್ತು. ಗುರುತಿಗೆ ಅದನ್ನು ನಡೆಸುವ ಚೆನ್ನಬಸಪ್ಪನನ್ನು ನಿಲ್ಲಿಸಿಕೊಂಡೆ. ಹನ್ನೊಂದು ವರ್ಷ ಎದುರುಬದುರು ಕೆಲಸ ಮಾಡಿದ್ದೆವು. ಅಂಥವನನ್ನು ಮೊದಲೇ "ನಾನು ಯಾರು?" ಎಂದು ಕೇಳಲು ಸಂಕೋಚವಾಯಿತು. ಬಿಲ್ಲೆ ಹಾಕಿದ ಮೇಲೆ ಮಾತ್ರ ಕೇಳಿದೆ. "ಗೊತ್ತಿಲ್ಲಪ್ಪ" ಎಂದ. ಕೈ ಹಾಕಿದೆ. ನಾನು ಇಳಿಸಿದ್ದು ಪಕ್ಕದ ಸ್ವಿಚ್ಚನ್ನು. ಎಡಗೈಯ ಎರಡು ಬೆರಳಿಗೆ ಇವತ್ತಿಗೂ ಬಿಸಿ ತಂಪು ತಿಳಿಯುವುದಿಲ್ಲ. ಆಸ್ಪತ್ರೆಗೆ ನೋಡಲು ಬಂದ ಚೆನ್ನಬಸಪ್ಪ ಬಾಗಿಲಲ್ಲಿ ನರ್ಸನ್ನು, "ಆ ಕರೆಂಟ್ ಕೆಲಸದವ್ರು, ಹೆಸರೇನೋ, ಅವ್ರು ಯಾವ ಮಂಚ?" ಎಂದು ಕೇಳಿದ್ದು ನನಗೆ ಕೇಳಿಸಿತು. ಅವನ ತಪ್ಪಲ್ಲ. ಹನ್ನೊಂದು ವರ್ಷದಲ್ಲಿ ಅವನಿಗೆ ಗೊತ್ತಾಗುವಂಥದ್ದೇನನ್ನೂ ನಾನು ಹೇಳಿರಲಿಲ್ಲ. ಅಲ್ಲಿಂದೀಚೆಗೆ ಬಿಲ್ಲೆ ಹಾಕಿಲ್ಲ. ಕೈಯ ಕಾರಣಕ್ಕೆ ಎಂದು ಎಲ್ಲರೂ ತಿಳಿದಿದ್ದಾರೆ. ಕಲಿಸುವ ಕೆಲಸ ಕೊಟ್ಟರು, ಕಲಿಸುತ್ತಿದ್ದೇನೆ.

ಕಳೆದ ವರ್ಷದ ತಂಡದಲ್ಲಿ ಆರು ಜನ. ಗಂಡಸರು ಐವರು, ಹೆಂಗಸು ಒಬ್ಬಳು. ಕಾಗದದ ಕಾರ್ಖಾನೆಯ ಗೋದಾಮು ಗುಡಿಸುತ್ತಿದ್ದ ಹಾಲಮ್ಮ, ಮೂವತ್ತೆರಡು ಮೂವತ್ತಮೂರರವಳು, ನದಿಯ ಆಚೆಯಿಂದ ಕೆಲಸ ಹುಡುಕಿಕೊಂಡು ಬಂದವಳು. ಹಿಂದಿನ ಬೆಂಚಿನಲ್ಲಿ ಕೂತು ಒಂದು ಮಾತೂ ಆಡದೆ ಬರೆದುಕೊಳ್ಳುತ್ತಿದ್ದಳು. ದೋಷ ಹುಡುಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಉಳಿದವರು ಯಂತ್ರ ನಿಂತ ತಕ್ಷಣ ಸ್ಕ್ರೂಡ್ರೈವರ್ ಹಿಡಿದು ಒಳಗೆ ಬಗ್ಗುತ್ತಿದ್ದರೆ, ಇವಳು ಕೈ ಕಟ್ಟಿಕೊಂಡು, ಪೆಟ್ಟಿಗೆಯೊಳಗೆ ತಾನಾಗಿ ಬಡಿಯುವ ರಿಲೇ ಸ್ವಿಚ್ಚುಗಳಲ್ಲಿ ಯಾವುದು ಬಡಿಯಿತು, ಯಾವುದು ಬಡಿಯಲಿಲ್ಲ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದಳು.

ಪರೀಕ್ಷೆಗೆ ಐದು ವಾರ ಇರುವಾಗ, ಎಲ್ಲರೂ ತಮ್ಮ ಗುರುತಿನವರ ಹೆಸರು ಬರೆಸಬೇಕು ಎಂದೆ. ತಂಡದ ಇಮಾಮ ಎದ್ದು ನಿಂತ. ಮಾತಿಲ್ಲದೆ ಅವನಿಗೆ ಕೆಲಸ ಸಾಗುವುದಿಲ್ಲ. "ನನ್ನ ಹೆಂಡ್ತಿ ಬೇಡ ಸಾರ್. ಸಂಬಳದ ದಿನ ಬಿಟ್ರೆ ಉಳಿದ ದಿನ ಬಿಲ್ಲೆ ಹಾಕದೇನೇ ಯಾರು ನೀನು ಅಂತಾಳೆ. ನಮ್ಮ ಮಾವನ್ನ ಬರ್ಕೊಳಿ. ಅವ್ರು ನನ್ನ ಮರ್ತ್ರೆ ಕರೆಂಟು ಹೋಗಿರೋದು ಗ್ಯಾರಂಟಿ, ಅಷ್ಟು ಬಯ್ಕೊಂಡಿರ್ತಾರೆ." ಎಲ್ಲರೂ ನಕ್ಕರು. ಹಾಲಮ್ಮನ ಸರದಿ ಬಂತು. "ನನಗ್ಯಾರೂ ಇಲ್ಲ ಸಾರ್ ಈ ಊರಲ್ಲಿ," ಎಂದಳು. ದೂರುವ ದನಿಯಲ್ಲಲ್ಲ, ಪೆನ್ಸಿಲ್ ಇಲ್ಲ ಎನ್ನುವ ಹಾಗೆ.

ಗುರುತಿನವರಿಲ್ಲದೆ ಪರೀಕ್ಷೆಗೆ ಕೂರಿಸುವ ಹಾಗಿಲ್ಲ. ಹಾಗಾದರೆ ಅವಳು ಮತ್ತೆ ಪೊರಕೆಗೇ ಹೋಗಬೇಕಾಗುತ್ತಿತ್ತು. "ನಾನಿದ್ದೇನೆ" ಎಂದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅವಳ ಬಗ್ಗೆ ನನಗೆ ಗೊತ್ತಿದ್ದದ್ದು ಹಾಜರಿ ಪುಸ್ತಕದಲ್ಲಿರುವಷ್ಟು. ಚೆನ್ನಬಸಪ್ಪನಿಗಿಂತ ನಾನು ಯಾವುದರಲ್ಲಿ ಮೇಲು?

ಮರುದಿನ ಪಾಠ ಮುಗಿದ ಮೇಲೆ ಅವಳನ್ನು ಕೇಂದ್ರದ ಮೆಟ್ಟಿಲ ಮೇಲೆ ಕೂರಿಸಿಕೊಂಡು ನೋಟ್‌ಬುಕ್ ತೆರೆದೆ. ಹುಟ್ಟಿದ ಊರು, ತಂದೆಯ ಹೆಸರು, ಎಷ್ಟನೇ ತರಗತಿಯವರೆಗೆ ಓದಿದ್ದು, ಆದ ಕಾಯಿಲೆಗಳು. ದೋಷ ಹುಡುಕುವ ಪಟ್ಟಿಯಂತೆ ಒಂದೊಂದಾಗಿ ಕೇಳಿದೆ. ಅವಳು ಹತ್ತು ಪ್ರಶ್ನೆಗೆ ಉತ್ತರ ಕೊಟ್ಟು, "ಇದೇನ್ ಸಾರ್, ಜನಗಣತಿನಾ?" ಎಂದಳು. ನಾನು ಕ್ಷಮೆ ಕೇಳಿದೆ, ಕೇಳಿ ಹನ್ನೊಂದನೆಯ ಪ್ರಶ್ನೆಗೆ ಹೋದೆ. ಎರಡು ವಾರದಲ್ಲಿ ಮೂವತ್ತೆಂಟು ಪುಟ ತುಂಬಿತು. ದಿನಾ ಬೆಳಿಗ್ಗೆ ಮಗ್ಗಿಯಂತೆ ಓದಿ ಬಾಯಿಪಾಠ ಮಾಡಿದೆ.

ಅಭ್ಯಾಸದ ಯಂತ್ರದ ಮೇಲೆ ಒಮ್ಮೆ ಪರೀಕ್ಷಿಸಿ ನೋಡಿದೆವು. ಅದಕ್ಕೆ ಇರುವುದು ಒಂದೇ ಸ್ವಿಚ್, ತಪ್ಪುವ ಪ್ರಶ್ನೆಯೇ ಇಲ್ಲ. ಅವಳು ಬಿಲ್ಲೆ ಹಾಕಿ "ನಾನು ಯಾರು?" ಎಂದು ಕೇಳಿದಳಂತೆ. ನಾನು ಗಡಿಬಿಡಿಯಿಂದ, "ಹಾಲಮ್ಮ, ತಂದೆ ಸಿದ್ದಪ್ಪ, ಏಳನೇ ತರಗತಿ, ಒಮ್ಮೆ ಕಾಮಾಲೆ" ಎಂದು ಒಪ್ಪಿಸಿದೆನಂತೆ. ಆದರೆ ಆ ಹೊತ್ತಿನಲ್ಲಿ ಎದುರಿಗಿದ್ದವಳು ಯಾರೆಂದು ನನಗೆ ಗೊತ್ತಿರಲಿಲ್ಲ. ಅವಳನ್ನು ಮರೆತೂ ಪಟ್ಟಿ ಬಾಯಲ್ಲಿ ಉಳಿದಿತ್ತು. ಕರೆಂಟಿಲ್ಲದ ಕಡೆಯೂ ಹೊತ್ತಿಕೊಳ್ಳುವ ಟೆಸ್ಟರ್ ಆಗಿದ್ದೆ ನಾನು. ಇಮಾಮ ಬೆಂಚು ಬಡಿದು ನಗುತ್ತಿದ್ದ. ಹಾಲಮ್ಮ ಬಿಲ್ಲೆ ತೆಗೆದು, "ಆ ಪುಸ್ತಕ ಒಲೆಗೆ ಹಾಕಿ ಸಾರ್," ಎಂದಳು.

ಒಲೆಗೆ ಹಾಕಲು ಮನಸ್ಸು ಬರಲಿಲ್ಲ, ಟ್ರಂಕಿನ ತಳದಲ್ಲಿಟ್ಟೆ. ಆಮೇಲಿನ ಮೂರು ವಾರ ಏನನ್ನೂ ಕೇಳಲಿಲ್ಲ. ಪಾಠಕ್ಕೆ ಮೊದಲು ಒಂದು ಗಂಟೆ ಇಬ್ಬರೂ ಕೂತು ಮೂಲೆಯಲ್ಲಿದ್ದ ಹಳೆಯ ಸ್ವಿಚ್ ಪೆಟ್ಟಿಗೆಯೊಂದನ್ನು ಬಿಚ್ಚಿ ಜೋಡಿಸಿದೆವು. ಪಾಠಕ್ಕೆ ಬರುವಾಗ ಬುತ್ತಿ ತರುವುದು ನನ್ನ ಅಭ್ಯಾಸ. ವಾರದಲ್ಲಿ ನಾಲ್ಕು ದಿನ ಹಾಗಲಕಾಯಿ ಪಲ್ಯ, ಮಾಡಲು ಸುಲಭ, ಎರಡು ದಿನ ಕೆಡುವುದಿಲ್ಲ. ಅವಳಿಗೂ ಸ್ವಲ್ಪ ಕೊಟ್ಟೆ. ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಯಾರಿಗೆ ಸಿಟ್ಟು ಬಂದು ಕಂಡುಹಿಡಿದ್ರೋ ಇದನ್ನ. ಹಸಿದ್ ಸಾಯ್ತೀನಿ ಸಾರ್, ಇದನ್ನ ಮಾತ್ರ ತಿನ್ನಲ್ಲ." ಆಮೇಲೆ ಅವಳು ತನ್ನ ರೊಟ್ಟಿ, ನಾನು ನನ್ನ ಪಲ್ಯ. ಅವಳ ಮನೆಯ ವಿಚಾರ ಒಂದೂ ಹೊಸದಾಗಿ ತಿಳಿಯಲಿಲ್ಲ. ಪೆಟ್ಟಿಗೆಯ ಬಾಗಿಲು ತೆರೆಯುವ ಮೊದಲು ಬಲಗೈಯನ್ನು ಎಡತೋಳಿಗೆ ಒರೆಸಿಕೊಳ್ಳುತ್ತಾಳೆ, ದೋಷ ಸಿಕ್ಕರೆ ಹೇಳುವ ಮೊದಲು ಮೂಗಿನಲ್ಲಿ ಸಣ್ಣಗೆ ಉಸಿರು ಬಿಡುತ್ತಾಳೆ, ನಾನು ಅತಿಯಾಗಿ ವಿವರಿಸಿದರೆ ಹೂಂ ಹೂಂ ಎನ್ನುತ್ತ ಬೇರೆ ಕಡೆ ನೋಡುತ್ತಾಳೆ ಎಂಬುದು ಮಾತ್ರ ತಿಳಿಯಿತು. ಇಷ್ಟು ಸಾಕೇ ಎಂದು ಭಯವಾಗುತ್ತಿತ್ತು. ಗುರುತಿನವರು ಎನಿಸಿಕೊಳ್ಳಲು ಎಷ್ಟು ಬೇಕು ಎಂದು ಯಾವ ಪುಸ್ತಕದಲ್ಲೂ ಇಲ್ಲ.

ಪರೀಕ್ಷೆ ಕಾಗದದ ಕಾರ್ಖಾನೆಯಲ್ಲಿ, ರಜೆಯ ದಿನ. ತಿರುಳು ಕಲಸುವ ಯಂತ್ರ ಹತ್ತು ನಿಮಿಷ ತಿರುಗಿ ತಾನಾಗಿ ನಿಲ್ಲುತ್ತಿತ್ತು. ಅದಕ್ಕೆ ಬೀಗ ಹಾಕಿ ಬಿಲ್ಲೆ ನೇತುಹಾಕಿ, ದೋಷ ಹುಡುಕಿ, ಸರಿಪಡಿಸಬೇಕು. ಪರೀಕ್ಷಕರು ಜಯತೀರ್ಥರು, ಬೇರೆ ಜಿಲ್ಲೆಗಳಲ್ಲೆಲ್ಲ ಕೆಲಸ ಮಾಡಿ ಬಂದವರು, ಒಳ್ಳೆಯವರೇ, ಆದರೆ ಗಡಿಯಾರ ನೋಡುವ ಅಭ್ಯಾಸ ಜಾಸ್ತಿ. ಹಾಲಮ್ಮ ಬಂದು ನನ್ನ ಎದುರು ನಿಂತು ಮೊದಲ ಸಲ ಕೇಳಿದಳು, "ನಾನು ಯಾರು?"

"ಹಾಲಮ್ಮ," ಎಂದೆ.

ಅವಳು ಹೋಗಿ ಸ್ವಿಚ್ ಇಳಿಸಿದಳು, ಬೀಗ ಹಾಕಿದಳು, ಬಿಲ್ಲೆ ನೇತುಹಾಕಿದಳು. ಟೆಸ್ಟರನ್ನು ಮೊದಲು ಉರಿಯುವ ದೀಪದ ತಂತಿಗೆ ಹಿಡಿದು ನೋಡಿ, ಆಮೇಲೆ ಪೆಟ್ಟಿಗೆಯ ಒಳಗಿನ ಒಂದೊಂದು ತುದಿಗೂ ಹಿಡಿದಳು. ಎಲ್ಲೂ ಹೊತ್ತಿಕೊಳ್ಳಲಿಲ್ಲ. ಜಯತೀರ್ಥರು ಹಾಳೆಯಲ್ಲಿ ಗುರುತು ಹಾಕಿದರು. ಅವಳು ಬಲಗೈಯನ್ನು ಎಡತೋಳಿಗೆ ಒರೆಸಿಕೊಂಡು ತಿರುಗಿದಳು.

"ನಾನು ಯಾರು ಸಾರ್?"

ನಾನು ಅವಳನ್ನು ನೋಡಿದೆ. ಹಾಲಮ್ಮ. ಗೊತ್ತಿತ್ತು.

ಜಯತೀರ್ಥರು ಕತ್ತೆತ್ತಿದರು. "ಏನ್ ರುದ್ರಮುನಿ, ಹೇಳಿ. ನೆನಪಿದೆ ಅಂದ್ರೆ ಇವ್ರು ತಪ್ಪು ಸ್ವಿಚ್ ಇಳಿಸಿದಾರೆ ಅಂತ ಬರೀಬೇಕಾಗತ್ತೆ. ಅಲ್ಲಿಗೆ ಫೇಲು. ವೈರಿಂಗ್ ನಕ್ಷೆ ಪ್ರಕಾರ ಇರೋದು ಒಂದೇ ಸ್ವಿಚ್ಚು, ಟೆಸ್ಟರೂ ಕರೆಂಟಿಲ್ಲ ಅಂತಿದೆ. ನೀವು ಅದೇನೋ ಪುಸ್ತಕ ಬಾಯಿಪಾಠ ಮಾಡಿದ್ರಂತಲ್ಲ, ಇಮಾಮ ಹೇಳ್ದ. ಅದೇ ಇರಬೇಕು. ಯೋಚ್ನೆ ಮಾಡಿ ಹೇಳಿ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ಮಾತಿಗಿಂತ ನಕ್ಷೆಯ ಮಾತು ದೊಡ್ಡದು ಎಂದು ನಾನೇ ಎಷ್ಟು ಸಲ ಕಲಿಸಿಲ್ಲ. ಗೊತ್ತಿಲ್ಲ ಎಂದರೆ ಅವಳು ಪಾಸಾಗುತ್ತಾಳೆ. ಗೊತ್ತು ಎಂದು, ಅದು ಬರೀ ಬಾಯಿಪಾಠವಾಗಿದ್ದರೆ, ಪೊರಕೆಗೆ ಕಳಿಸಿದವನು ನಾನಾಗುತ್ತೇನೆ. ಮನಸ್ಸಿನಲ್ಲೇ ಒಂದೊಂದಾಗಿ ತೆಗೆದು ನೋಡಿದೆ. ತಂದೆ ಸಿದ್ದಪ್ಪ, ಕಾಮಾಲೆ, ಇವು ಪಟ್ಟಿಯವು, ಇವನ್ನು ನಂಬುವ ಹಾಗಿಲ್ಲ. ಈಗ ತಾನೆ ಎಡತೋಳಿಗೆ ಕೈ ಒರೆಸಿಕೊಂಡದ್ದು, ಅವಳು ಒರೆಸಿಕೊಳ್ಳುವ ಮೊದಲೇ ನಾನು ಅದಕ್ಕೆ ಕಾದಿದ್ದೆ. ಅದು ಮೂವತ್ತೆಂಟು ಪುಟದಲ್ಲಿ ಎಲ್ಲೂ ಇರಲಿಲ್ಲ.

"ಹಾಗಲಕಾಯಿ ಕಂಡ್ರೆ ಆಗದವಳು," ಎಂದೆ. "ನೀನು ಯಾರು ಅಂತ ಗೊತ್ತಮ್ಮ. ಕೈ ಹಾಕಬೇಡ."

ಜಯತೀರ್ಥರು ಪೆನ್ನಿನ ಕ್ಯಾಪು ತೆಗೆದರು. ಹಾಲಮ್ಮನ ಮುಖ ಬಿಳಿಚಿಕೊಂಡಿತು. ನನ್ನ ಮೇಲೆ ಸಿಟ್ಟು ಮಾಡಬಹುದಿತ್ತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು, ಪೆಟ್ಟಿಗೆಯನ್ನು ನೋಡುತ್ತ ನಿಂತಳು. "ಒಂದ್ ಹತ್ತು ನಿಮಿಷ ಕೊಡಿ ಸಾರ್," ಎಂದಳು ಪರೀಕ್ಷಕರಿಗೆ. "ಸಾರ್ ಸುಳ್ ಹೇಳೋರಲ್ಲ. ಅಷ್ಟು ಧೈರ್ಯ ಇಲ್ಲ ಅವರಿಗೆ."

ಕರೆಂಟಿನ ಹತ್ತಿರವಿದ್ದರೆ ತಾನಾಗಿ ಹೊತ್ತಿಕೊಳ್ಳುವ ಟೆಸ್ಟರನ್ನು ಒಳಗೇ ಸಿಕ್ಕಿಸಿಟ್ಟಳು. ಮುಟ್ಟದೆ, ಕಣ್ಣಿನಲ್ಲೇ ಒಂದೊಂದು ತಂತಿಯ ಹಿಂದೆ ಹೋದಳು. ಎಲ್ಲ ಕಪ್ಪು, ಕೆಂಪು, ಒಂದು ಮಾತ್ರ ಹಳದಿ, ಸಣ್ಣದು. ಅದು ಪೆಟ್ಟಿಗೆಯ ಹಿಂಬದಿಯ ತೂತಿನಿಂದ ಹೊರಟು, ಗೋಡೆಯ ಕೊಳವೆ ಹಿಡಿದು, ಆ ಕಡೆಯ ನೀರಿನ ಪಂಪಿನ ಪೆಟ್ಟಿಗೆಗೆ ಹೋಗಿತ್ತು. ನಕ್ಷೆಯಲ್ಲಿ ಅದಿರಲಿಲ್ಲ. ಯಾವ ಕಾಲದಲ್ಲೋ ಯಾರೋ, ನೀರಿಲ್ಲದಾಗ ತಿರುಳಿನ ಯಂತ್ರ ನಿಲ್ಲಲಿ ಎಂದು ಎಳೆದು, ಬರೆದಿಡದೆ ಹೋಗಿದ್ದರು. ಅವಳು ಮೂಗಿನಲ್ಲಿ ಸಣ್ಣಗೆ ಉಸಿರು ಬಿಟ್ಟಳು. ಅಷ್ಟರಲ್ಲಿ ಮೇಲಿನ ತೊಟ್ಟಿಯಲ್ಲಿ ನೀರು ಇಳಿದು ಪಂಪು ತಾನಾಗಿ ಶುರುವಾಯಿತು. ಬಿಲ್ಲೆ ನೇತಾಡುತ್ತಿದ್ದ ಪೆಟ್ಟಿಗೆಯೊಳಗೆ ಟೆಸ್ಟರ್ ಹೊತ್ತಿಕೊಂಡಿತು.

ಜಯತೀರ್ಥರು ಪೆನ್ನಿಗೆ ಕ್ಯಾಪು ಹಾಕಿ, "ನಕ್ಷೆ ತಿದ್ದಿಸಬೇಕು," ಎಂದರು. ಹಾಲಮ್ಮ ತನ್ನ ಹೆಸರಿನ ಇನ್ನೊಂದು ಬಿಲ್ಲೆಯನ್ನು ಜೇಬಿನಿಂದ ತೆಗೆದುಕೊಂಡು ಪಂಪಿನ ಸ್ವಿಚ್ಚಿನ ಕಡೆ ನಡೆದಳು.

ಮುಂದಿನದನ್ನು ನನಗೆ ನೆನಪಿರುವಂತೆ ಬರೆಯುತ್ತೇನೆ. ಒಬ್ಬ ಹೆಂಗಸು ನನ್ನ ಎದುರು ಬಂದು ನಿಂತಳು. ಖಾಕಿ ಅಂಗಿ, ಬೆವರಿದ ಹಣೆ. "ನಾನು ಯಾರು?" ಎಂದು ಕೇಳಿದಳು. "ಗೊತ್ತಿಲ್ಲಮ್ಮ," ಎಂದೆ. ಗೊತ್ತಿಲ್ಲದ್ದಕ್ಕೆ ಅವಳಿಗೆ ಯಾಕೆ ಅಷ್ಟು ಸಂತೋಷವಾಯಿತೋ ತಿಳಿಯಲಿಲ್ಲ. ಅವಳು ಪೆಟ್ಟಿಗೆಗೆ ಕೈ ಹಾಕಿ ಕೆಲಸ ಮಾಡಿದಳು. ಪಕ್ಕದಲ್ಲಿದ್ದ ಪರೀಕ್ಷಕರು ಹಾಳೆಯಲ್ಲಿದ್ದ ಹೆಸರನ್ನು ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದರು. ನಲವತ್ತು ನಿಮಿಷ ಅಲ್ಲಿ ನಿಂತಿದ್ದೆ. ಯಾವುದೋ ಸಾಮಾನು ಎಲ್ಲೋ ಬಿಟ್ಟು ಬಂದ ಹಾಗೆ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡೆ. ಊರಿನ ಹೆಂಗಸರು ಮಧ್ಯಾಹ್ನಗಳನ್ನು ಹೇಗೆ ಕಳೆಯುತ್ತಾರೆ ಎಂದು ಆವತ್ತು ಗೊತ್ತಾಯಿತು. ಆಮೇಲೆ ಎರಡು ಬಿಲ್ಲೆಗಳೂ ಕೆಳಗಿಳಿದವು. ಹಾಲಮ್ಮ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

ಅವಳು ಪಾಸಾದಳು. ಹಿಟ್ಟಿನ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ತೂಕದ ಮನೆಯ ಹೆಂಗಸೊಬ್ಬಳು ಅವಳಿಗೆ ಗುರುತಿನವಳಾಗಿದ್ದಾಳೆ ಎಂದು ಇಮಾಮ ಹೇಳಿದ. ಒಳ್ಳೆಯದಾಯಿತು ಎಂದೆ, ನಿಜವಾಗಿಯೂ ಒಳ್ಳೆಯದೇ. ಗಿರಣಿ ನನ್ನ ಮನೆಗೆ ಇಷ್ಟು ಹತ್ತಿರವಿದ್ದರೂ ಎರಡು ತಿಂಗಳು ಅವಳು ಕಣ್ಣಿಗೆ ಬೀಳಲಿಲ್ಲ. ಹೊಸ ತಂಡ ಬಂತು. ಹಲಗೆಯ ಮೇಲೆ ಎರಡು ಸಲ ಕೇಳಬೇಕು ಎಂದು ಬರೆದೆ.

ಕಳೆದ ಬುಧವಾರ ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಹೊರಗೆ ಚಾಪೆ ಬಿಚ್ಚಿದ ಸದ್ದಾಯಿತು. ಹೋಗಿ ನೋಡಿದರೆ ಜಗಲಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಖಾಕಿ ಅಂಗಿ, ಜೇಬಿನಲ್ಲಿ ಟೆಸ್ಟರ್, ಕೂದಲಿನಲ್ಲಿ ಹಿಟ್ಟು. ಯಾರದೋ ಮನೆ ಎಂದು ತಪ್ಪಿ ಬಂದಿರಬೇಕು ಎನಿಸಿತು. ಮೂಲೆಯ ಮನೆಯ ಸೊಸೆ ಗಿರಣಿಯಲ್ಲಿ ಕೆಲಸ ಮಾಡುತ್ತಾಳೆ, ಅವಳಿರಬಹುದೇ? ಕೇಳುವ ಹಾಗಿಲ್ಲವಲ್ಲ. ನಮ್ಮ ಊರಿನವನಾಗಿ ನಾನು ತಪ್ಪಬಾರದು. ತಟ್ಟೆ ತೊಳೆದು ಅನ್ನ, ಸಾರು, ಪಲ್ಯ ಬಡಿಸಿ ತಂದಿಟ್ಟೆ. ಅಭ್ಯಾಸವಿಲ್ಲದ್ದರಿಂದ ಪಲ್ಯ ಜಾಸ್ತಿಯೇ ಬಿತ್ತು.

ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ನಗು ತಡೆದುಕೊಂಡ ಹಾಗೆ ಕಂಡಿತು. "ಏನಾದ್ರೂ ಬೇಕಿತ್ತಾ?" ಎಂದೆ. "ಬೇಡ ಸಾರ್, ಸಾಕಷ್ಟಿದೆ," ಎಂದಳು. ನಾನು ಬಾಗಿಲ ಹತ್ತಿರ ನಿಂತೆ, ಕೂರುವುದು ಸರಿಯೋ ನಿಲ್ಲುವುದು ಸರಿಯೋ ತಿಳಿಯದೆ. ಬಿಸಿಲು ಜಾಸ್ತಿ ಎಂದೆ. ಹೌದೆಂದಳು. ಗಿರಣಿಯಲ್ಲಿ ದೊಡ್ಡ ಮೋಟಾರೇ ಎಂದು ಕೇಳಿ, ಮೂರು ಫೇಸಿನ ಮೋಟಾರಿನ ಬಗ್ಗೆ ಸ್ವಲ್ಪ ಹೇಳಿದೆ. ಅವಳು ಹೂಂ ಹೂಂ ಎನ್ನುತ್ತ ಬೀದಿಯ ಕಡೆ ನೋಡುತ್ತಿದ್ದಳು. ಉಂಡು, ತಾನೇ ತಟ್ಟೆ ಎತ್ತಿ ನನ್ನ ಕೈಗೆ ಕೊಟ್ಟು, "ಚೆನ್ನಾಗಿತ್ತು ಸಾರ್," ಎಂದು ಹೇಳಿ ಚಾಪೆ ಸುತ್ತಿಟ್ಟು ಹೋದಳು.

ಎಲ್ಲ ತೆಗೆದಿಟ್ಟು, ಪಾಠಕ್ಕೆ ಹೊರಡುವ ಮೊದಲು ತಟ್ಟೆ ತೊಳೆಯೋಣವೆಂದು ಹಿತ್ತಲಿಗೆ ಹೋದೆ. ಗಿರಣಿ ಮತ್ತೆ ಶುರುವಾದ ಸದ್ದು ಕೇಳಿಸಿತು. ಕೈಯಲ್ಲಿದ್ದ ತಟ್ಟೆಯನ್ನು ನೋಡಿದೆ. ಹಾಲಮ್ಮ. ಬೂದಿ ಹಚ್ಚದೆ ಹಾಗೇ ಹಿಡಿದು ಬಹಳ ಹೊತ್ತು ನಿಂತುಕೊಂಡೆ. ಅಂಚಿನಲ್ಲಿ ನಾಲ್ಕು ಅಗುಳು ಅನ್ನ ಒಣಗಿತ್ತು. ಹಾಗಲಕಾಯಿಯ ಒಂದು ಚೂರೂ ಉಳಿದಿರಲಿಲ್ಲ.